ತೊಗರಿಹಾಳದ ಮಾತಾಡುವ ಬಾವಿ

ಹುಮನಾಬಾದಿನಿಂದ ಬಂದ ಬೆಳಗಿನ ಬಸ್ಸು ತೊಗರಿಹಾಳದ ಕಟ್ಟೆಯ ಮುಂದೆ ನಿಂತಾಗ ಗುರುಲಿಂಗ ಅಲ್ಲೇ ಕುಳಿತು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ಕಂಡಕ್ಟರು ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ.

“ಗುರಲಿಂಗಪ್ಪೋರ, ನಿಮ್ಮತ್ತಿಯೋರು ಹುಮನಾಬಾದ ಬಸ್‌ಸ್ಟ್ಯಾಂಡಿನ್ಯಾಗ ಕುಂತಾರ್ರಿ. ಈ ಗಾಡ್ಯಾಗ ಖಿಡಕಿ ಸೀಟ ಸಿಗಲಿಲ್ಲಂತ ಹತ್ತಲಿಲ್ಲ. ಮುಂದಿನ ಗಾಡಿಗೆ ಬರ್ತಾರಂತ.”

ಗುರುಲಿಂಗನ ಬಾಯಲ್ಲಿದ್ದ ಕಡ್ಡಿ ಕೆಳಗೆ ಬಿತ್ತು.

ಅತ್ತೆ ಬರುತ್ತಾಳೆಂದರೆ ಬೇರೆ ಅಳಿಯಂದಿರು ಹೆಚ್ಚೆಂದರೆ ಹೋಳಿಗೆಗೆ ಬೆಲ್ಲ ಇದೆಯೋ ಇಲ್ಲವೋ ಎಂದು ಚಿಂತಿಸುತ್ತಾರೆ. ಗುರುಲಿಂಗನ ಚಿಂತೆ ಅಷ್ಟು ಸಣ್ಣದಾಗಿರಲಿಲ್ಲ. ಮುಂದಿನ ಬಸ್ಸು ಬರುವುದರೊಳಗೆ ಅವನು ಒಂದು ಇಡೀ ಊರನ್ನೇ ಕಟ್ಟಬೇಕಾಗಿತ್ತು.

ತಪ್ಪು ಶುರುವಾದದ್ದು ಮದುವೆಯ ದಿನ. ಬಸವಕಲ್ಯಾಣದಲ್ಲಿ ಕೋಟೆಯ ಮಗ್ಗುಲಿಗೇ ಬೆಳೆದ ಒಬ್ಬಳೇ ಮಗಳು ವಿದ್ಯಾವತಿ. ಅವಳನ್ನು ಕಳಿಸಿಕೊಡುವಾಗ ಅತ್ತೆ ಭಾಗಮ್ಮ ಸೆರಗು ಬಾಯಿಗಿಟ್ಟುಕೊಂಡು, “ಆ ಹಳ್ಯಾಗ ನೋಡಾಕ ಏನದಪ್ಪಾ, ನನ್ನ ಮಗಳು ದಿನಾ ತೊಗರಿ ನೋಡ್ಕೋತ ಕುಂದರಬೇಕೇನು?” ಎಂದು ಅತ್ತಳು. ಗುರುಲಿಂಗ ಅದನ್ನು ನೋಡಲಾರದೆ, “ಯಾಕ್ರಿ ಅತ್ತಿ, ನಮ್ಮೂರಾಗ ಮಾತಾಡೋ ಬಾವಿ ಅದ” ಎಂದುಬಿಟ್ಟ. ಭಾಗಮ್ಮನ ಅಳು ಥಟ್ಟನೆ ನಿಂತಿತು. ಅದು ನಿಂತದ್ದೇ ಕೆಟ್ಟದ್ದಾಯಿತು.

ಭಾಗಮ್ಮನಿಗೆ ಮೊಣಕಾಲು ನೋವು, ಓಣಿ ದಾಟಿ ಹೋಗುವವಳಲ್ಲ. ಗುರುಲಿಂಗ ಹಬ್ಬಕ್ಕೆ ಹೋದಾಗಲೆಲ್ಲ ಹೊರಸಿನ ಮೇಲೆ ಕುಳಿತು, “ಮತ್ತೇನದ ನಿಮ್ಮೂರಾಗ?” ಎಂದು ಕಣ್ಣರಳಿಸುತ್ತಿದ್ದಳು. ಬೇರೆ ಅಳಿಯಂದಿರು ಬಾಳೆಹಣ್ಣು ಒಯ್ದರೆ ಇವನು ಸೋಜಿಗ ಒಯ್ಯುತ್ತಿದ್ದ. ಒಂದು ಪಂಚಮಿಗೆ, ಸಿಹಿ ಕಾಯಿ ಬಿಡುವ ಹುಣಸೆಮರ. ದೀಪಾವಳಿಗೆ, ದೊಡ್ಡವರನ್ನು ಕಂಡರೆ ಮುಂಗಾಲೆತ್ತಿ ಸಲಾಂ ಮಾಡುವ ಎತ್ತು. ಹೀಗೆ ಹಬ್ಬಕ್ಕೊಂದರಂತೆ ಅತ್ತೆಯ ಮನಸ್ಸಿನಲ್ಲಿ ತೊಗರಿಹಾಳ ಬೆಳೆದು ಬೆಳೆದು ಇಂದ್ರನ ರಾಜಧಾನಿಯ ಪಕ್ಕಕ್ಕೆ ಹೋಗಿ ನಿಂತಿತ್ತು. ನಿಜವಾದ ತೊಗರಿಹಾಳದಲ್ಲಿ ಇದ್ದದ್ದು ಒಂದು ಕಟ್ಟೆ, ಒಂದು ಹಿಟ್ಟಿನ ಗಿರಣಿ, ಹನುಮಪ್ಪನ ಗುಡಿ, ಅದರ ಹಿಂದೊಂದು ಮೆಟ್ಟಿಲುಬಾವಿ. ಉಳಿದದ್ದೆಲ್ಲ ತೊಗರಿ.

ಅತ್ತೆಯ ಮೊಣಕಾಲಿನ ಮೇಲೆ ಅವನಿಗೆ ಅಷ್ಟು ಭರವಸೆಯಿತ್ತು. ಯಾವನೋ ಎಣ್ಣೆ ತಿಕ್ಕುವವನು ಬಂದು ಅದನ್ನು ನೆಟ್ಟಗೆ ಮಾಡಿಬಿಡುತ್ತಾನೆಂದು ಯಾರು ಕಂಡಿದ್ದರು?

ಮನೆಗೆ ಓಡಿಬಂದು ಹೆಂಡತಿಗೆ ಹೇಳಿದ. ವಿದ್ಯಾವತಿ ಹಣೆ ಹಣೆ ಬಡಿದುಕೊಂಡಳು.

“ಅವ್ವ ಖುಷಿ ಪಡ್ತಾಳಂತ ನಾನೂ ಹೂಂ ಹೂಂ ಅಂದೀನಿ. ಈಗ ಖರೇ ಹೇಳಿಬಿಡ್ರಿ.”

“ಖರೇ ಹೇಳಿದ್ರ ನಿನ್ನ ಅದೇ ಬಸ್ಸಿನ್ಯಾಗ ಕಲ್ಯಾಣಕ್ಕ ಕರ್ಕೊಂಡು ಹೋಗ್ತಾರ. ಮತ್ತ ನನ್ನ ಇಜ್ಜತ್?”

ಈ ಮಾತು ನಡುಗೋಡೆಯಾಚೆ ರೊಟ್ಟಿ ಬಡಿಯುತ್ತಿದ್ದ ದ್ರೌಪತಿಯ ಕಿವಿಗೆ ಬಿತ್ತು. ದ್ರೌಪತಿಯ ಕಿವಿಗೆ ಬಿದ್ದದ್ದು ಊರ ಕಿವಿಗೆ ಬಿದ್ದಂತೆ. ರೊಟ್ಟಿ ಬೇಯುವಷ್ಟರಲ್ಲಿ ಗುರುಲಿಂಗನ ಅಂಗಳದಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಒಬ್ಬರಾದರೂ ಬೈಯಲಿಲ್ಲ. ತಮ್ಮೂರಿಗೆ ಇಷ್ಟು ದೊಡ್ಡ ಹೆಸರಿದೆಯೆಂದು ಎಲ್ಲರ ಎದೆ ಉಬ್ಬಿತ್ತು.

“ಫಿಕರ್ ಮಾಡಬ್ಯಾಡ ಗುರಲಿಂಗಣ್ಣ,” ಎಂದ ಗಾಡಿ ಹೊಡೆಯುವ ಬದ್ರುದ್ದೀನ್. “ಎತ್ತಿನ ಸಲಾಂ ನನಗ ಬಿಡು. ನಮ್ಮ ಸರ್ದಾರಗ ಮನಷ್ಯಾರಕಿಂತಾ ಹೆಚ್ಚು ಅಕಲ್ ಅದ.”

“ಹುಣಸಿಮರ ನನಗಿರಲಿ,” ಎಂದಳು ದ್ರೌಪತಿ. “ಕಾಯಿ ಬೆಲ್ಲದ ಪಾಕದಾಗ ಅದ್ದಿ ದಾರ ಕಟ್ಟಿ ಇಳಿಬಿಟ್ರ ಆತು.”

ಬಾವಿಯ ಪಾಲು ಪಕ್ಕದ ಮನೆಯ ಮಹಾರುದ್ರಪ್ಪ ಕಾಕಾನದು. ಭಜನೆಯಲ್ಲಿ ಆತ ದನಿ ಎತ್ತಿದರೆ ಪಕ್ಕದ ಊರಿನ ನಾಯಿಗಳು ಬೊಗಳುತ್ತಿದ್ದವು. ಒಂದೇ ಕೊರತೆಯೆಂದರೆ ಆತನಿಗೆ ಕಿವಿ ಕೇಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ಹಾಗೆಂದು ಆತ ಒಪ್ಪುತ್ತಿರಲಿಲ್ಲ.

“ಕಾಕಾ, ಅತ್ತಿ ಕೇಳಿದ್ದಕ್ಕ ಉತ್ತರಾ ಕೊಡಬೇಕು,” ಗುರುಲಿಂಗ ಕೂಗಿ ಹೇಳಿದ.

“ಹೌದಪಾ, ಉತ್ತರಕ್ಕ ಮಾರಿ ಮಾಡಿ ಕುಂದರ್ತೀನಿ,” ಎಂದು ಮಹಾರುದ್ರಪ್ಪ ಕಾಕಾ ಮೆಟ್ಟಿಲಿಳಿದು, ನೀರಿನ ಅಂಚಿನ ಗೂಡಿನಲ್ಲಿ ಮರೆಯಾದ.

ಬಸ್ಸು ಬಂತು. ಖಿಡಕಿ ಸೀಟಿನಿಂದ ಎದ್ದ ಭಾಗಮ್ಮ ರಾಣಿಯಂತೆ ಇಳಿದಳು. ಬದ್ರುದ್ದೀನ್ ಎತ್ತನ್ನು ಮುಂದೆ ತಂದು ನಿಲ್ಲಿಸಿದ. ಸರ್ದಾರನ ಕೋಡಿಗೆ ರಿಬ್ಬನ್ನು, ಕೊರಳಿಗೆ ಹೊಸ ಗಂಟೆ.

“ಸರ್ದಾರ, ಅಮ್ಮಾಗ ಸಲಾಂ ಮಾಡು ಬೇಟಾ,” ಎಂದು ಮೆಲ್ಲಗೆ ಮುಂಗಾಲಿಗೆ ಕಚಗುಳಿಯಿಟ್ಟ.

ಸರ್ದಾರ ಭಾಗಮ್ಮನನ್ನು ನೋಡಿತು. ಬದ್ರುದ್ದೀನನನ್ನು ನೋಡಿತು. ಆಮೇಲೆ ನಿಧಾನಕ್ಕೆ ತಿರುಗಿ ಬೆನ್ನು ಮಾಡಿ, ಬಾಲವೆತ್ತಿ, ಬೆಳಗಿನಿಂದ ತಿಂದದ್ದನ್ನೆಲ್ಲ ಅತ್ತೆಯ ಪಾದದ ಮುಂದೆ ಅರ್ಪಿಸಿತು.

“ಭಾಳ ದಿಲ್‌ದಾರ್ ಎತ್ತದ,” ಎಂದಳು ಭಾಗಮ್ಮ, ಒಂದು ಹೆಜ್ಜೆ ಹಿಂದೆ ಸರಿದು.

ಗುರುಲಿಂಗ ಬೆವರೊರೆಸಿಕೊಂಡು ಆಕೆಯನ್ನು ಹುಣಸೆಮರದ ಕಡೆಗೆ ನಡೆಸಿದ. ದ್ರೌಪತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಗೆದ್ದ ಪೈಲ್ವಾನನಂತೆ ನಿಂತಿದ್ದಳು. ಅವಳು ಬೆಲ್ಲದ ಪಾಕಕ್ಕೆ ಲೋಭ ಮಾಡಿರಲಿಲ್ಲ. ಆ ಸುದ್ದಿ ಇರುವೆಗಳಿಗೂ ಮುಟ್ಟಿತ್ತು. ಗುರುಲಿಂಗ ಕೊಂಬೆಯನ್ನು ಎರಡೂ ಕೈಯಲ್ಲಿ ಬಗ್ಗಿಸಿ ಹಿಡಿದದ್ದೇ ತಡ, ಕೆಂಪಿರುವೆಗಳ ದಂಡು ಅವನ ತೋಳಿನಿಂದ ಮುಖಕ್ಕೆ, ಮುಖದಿಂದ ಬನಿಯನ್ನಿಗೆ, ಬನಿಯನ್ನಿನಿಂದ ಧೋತರಕ್ಕೆ ದಾಳಿಯಿಟ್ಟಿತು. ಕೊಂಬೆ ಬಿಟ್ಟರೆ ಅತ್ತೆಯ ಮುಖಕ್ಕೆ ಬಡಿಯುತ್ತದೆ. ಅವನು ಬಿಡಲಿಲ್ಲ, ನಿಂತಲ್ಲೇ ಕುಣಿದ.

ಭಾಗಮ್ಮ ಒಂದು ಕಾಯಿ ಕಿತ್ತಳು. ಕಾಯಿಯ ಜೊತೆ ಮೊಳದುದ್ದ ಕೆಂಪು ದಾರ ಬಂತು. ಚೀಪಿ ನೋಡಿದಳು.

“ಸೀ ಅದ,” ಎಂದು ತಲೆದೂಗಿದಳು. ಆಮೇಲೆ ಅಳಿಯನನ್ನು ಅಡಿಯಿಂದ ಮುಡಿಯ ತನಕ ನೋಡಿ, “ಈ ಕುಣಿತಾನೂ ನಿಮ್ಮೂರ ವಿಶೇಷೇನ್ರಿ ಅಳಿಯದೇವ್ರ?” ಎಂದು ಕೇಳಿದಳು.

“ಅ... ಅಯ್ಯೋ... ಹೌದ್ರಿ ಅತ್ತಿ!”

ಇನ್ನು ಬಾವಿಯೊಂದೇ ಆಸರೆ. ಇಡೀ ಊರು ಹಿಂದೆ ಹಿಂದೆ ಬಂತು. ಭಾಗಮ್ಮ ಬಾವಿಯ ಕಟ್ಟೆಗೆ ಕೈಯೂರಿ ಬಗ್ಗಿದಳು.

“ಬಾವಿಯವ್ವಾ, ನನ್ನ ಮೊಣಕಾಲ ಬ್ಯಾನಿ ಪೂರಾ ಹೋಗ್ತದೇನು?”

ಒಳಗಿನಿಂದ ಗುಡುಗಿನಂಥ ದನಿ ಬಂತು. “ಮೊದಲ ಗಂಡು, ಆಮ್ಯಾಲ ಹೆಣ್ಣು!”

ವಿದ್ಯಾವತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತೆ ಮೊದಲು ಮೊಮ್ಮಕ್ಕಳ ಸುದ್ದಿಯನ್ನೇ ಕೇಳುತ್ತಾಳೆಂದು ಗುರುಲಿಂಗ ಕಾಕಾನ ಕಿವಿಯಲ್ಲಿ ಕೂಗಿ ಕೂಗಿ ಎರಡು ಉತ್ತರ ಬಾಯಿಪಾಠ ಮಾಡಿಸಿದ್ದ.

ಭಾಗಮ್ಮ ಅಲುಗಲಿಲ್ಲ. “ಈ ವಯಸ್ಸಿನ್ಯಾಗ ನನಗೇನು?” ಎಂದಳು.

“ಹೌದು! ಬರೋ ವರ್ಷದಾಗೇ!” ಎಂದಿತು ಬಾವಿ.

ಜನ ನಗು ತಡೆಯಲಾರದೆ ಕೆಮ್ಮತೊಡಗಿದರು. ಭಾಗಮ್ಮ ಇನ್ನೊಂದು ಪ್ರಶ್ನೆಗೆ ಬಾಯಿ ತೆಗೆಯುವಷ್ಟರಲ್ಲಿ ಒಳಗೆ ಏನೋ ಬುಳಕ್ ಎಂದಿತು. ನೀರುಹಾವೊಂದು ಮಹಾರುದ್ರಪ್ಪ ಕಾಕಾನ ಕಾಲಿನ ಮೇಲೆ ಹಾದುಹೋಗಿತ್ತು. “ಯಪ್ಪಾ, ಸತ್ತೆ!” ಎಂದು ಬಾವಿ ಚೀರಿತು. ಮರುಕ್ಷಣ ಸ್ವತಃ ಬಾವಿಯೇ ಒದ್ದೆ ಧೋತರ ಎತ್ತಿಹಿಡಿದು, ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಬಂದು, ಭಾಗಮ್ಮನಿಗೆ ಕೈಮುಗಿದು, “ಶರಣ್ರಿ ಬೀಗತಿ, ಈಗ ಬಂದ್ರೇನು?” ಎಂದು ಮನೆಯ ದಾರಿ ಹಿಡಿಯಿತು.

ಗುರುಲಿಂಗನಿಗೆ ಭೂಮಿ ಬಾಯ್ಬಿಟ್ಟರೆ ಸಾಕೆನ್ನಿಸಿತು. ಅತ್ತೆಯನ್ನು ಮನೆಗೆ ಕರೆತಂದು, ಕಂಬಳಿಯ ಮೇಲೆ ಕೂರಿಸಿ, ಎದುರಿಗೆ ಕೈಕಟ್ಟಿ ನಿಂತ. ಇರುವೆ ಕಚ್ಚಿದ ಮುಖ ಬಾತು ಬೋಂಡಾದಂತಾಗಿತ್ತು.

“ಅತ್ತಿ, ಎಲ್ಲಾ ಸುಳ್ಳ್ರಿ. ಬಾವಿ ಸುಳ್ಳು, ಮರ ಸುಳ್ಳು, ಎತ್ತಂತೂ ನೀವೇ ನೋಡಿದ್ರಿ. ಅವತ್ತ ನೀವು ಅಳೋದು ನೋಡಲಾರದೆ ಒಂದು ಹೇಳಿದೆ. ಆಮ್ಯಾಲ ನೀವು ನಗೋದು ನೋಡಿ ಇನ್ನೊಂದು ಹೇಳಿದೆ. ನಿಲ್ಲಿಸಾಕ ಆಗಲಿಲ್ಲ. ಬೈರಿ, ಹೊಡೀರಿ, ನಿಮ್ಮ ಮಗಳನ್ನ ಮಾತ್ರ ಕರ್ಕೊಂಡು ಹೋಗಬ್ಯಾಡ್ರಿ.”

ಬಾಗಿಲಲ್ಲಿ ಇಣುಕುತ್ತಿದ್ದ ದ್ರೌಪತಿ ಮೂಗೊರೆಸಿಕೊಂಡಳು. ಭಾಗಮ್ಮ ಮಾತ್ರ ನೀರು ಕುಡಿದು ತಂಬಿಗೆ ಕೆಳಗಿಟ್ಟು ಹೇಳಿದಳು.

“ಸುಳ್ಳಂತ ನನಗ ಮೊದಲ ದಿನಾನೇ ಗೊತ್ತದ. ನಮ್ಮ ಯಜಮಾನ್ರು ಇದ್ದಾಗ ತೊಗರಿ ಖರೀದಿಗೆ ಈ ಊರಿಗೆ ಬಂದು ಹೋಗ್ಯಾರ. ಚಾ ಸೈತ ಸಿಗಂಗಿಲ್ಲಂತ ಬೈಕೋತ ಬರ್ತಿದ್ರು. ಆದ್ರ ಅತ್ತಿ ಅಳಬಾರದಂತ ಇಷ್ಟು ಸುಳ್ಳು ಹೇಳೋ ಅಳಿಯ ನಮ್ಮ ಓಣ್ಯಾಗ ಯಾರಿಗೂ ಸಿಕ್ಕಿಲ್ಲ.”

ಗುರುಲಿಂಗನ ಕಣ್ಣು ತುಂಬಿದವು. ಬಗ್ಗಿ ಆಕೆಯ ಕಾಲು ಮುಟ್ಟಿದ.

“ಏಳ್ರಿ, ಏಳ್ರಿ. ಕೆಲಸಾ ಭಾಳ ಅದ,” ಎಂದಳು ಭಾಗಮ್ಮ. “ನೀವು ಹೇಳಿದ್ದನ್ನ ನಾ ಹೊಟ್ಟ್ಯಾಗ ಇಟ್ಕೊಂಡಿಲ್ಲ. ಓಣಿಗೆಲ್ಲಾ ಹೇಳೀನಿ. ಬರೋ ಸೋಮವಾರ ಟೆಂಪೋ ಮಾಡ್ಕೊಂಡು ಎಲ್ಲಾರೂ ಊರ ನೋಡಾಕ ಬರಾಕತ್ತಾರ. ಅದಕ್ಕ ತಯ್ಯಾರಿ ಹ್ಯಾಂಗದ ನೋಡಿ ಹೋಗಾಮಂತ ಮೊದಲ ನಾ ಬಂದೆ. ಏನೂ ಬರೋಬರಿ ಇಲ್ಲ! ಬಾವ್ಯಾಗ ಕಿವಿ ಇದ್ದೋರನ್ನ ಕುಂದರಸ್ರಿ. ದಾರ ಹಸಿರು ತಗೋರಿ. ಎತ್ತಿಗೆ ಹಿಂದಿನ ದಿನಾ ಉಪಾಸ ಹಾಕ್ರಿ.”

ಗುರುಲಿಂಗ ಬೆರಳು ಮಡಚಿ ಸೋಮವಾರಕ್ಕೆ ಎಷ್ಟು ದಿನ ಉಳಿದಿದೆಯೆಂದು ಎಣಿಸತೊಡಗಿದ.

“ಮತ್ತ ಇನ್ನೊಂದು,” ಎಂದು ಆಕೆ ದನಿ ತಗ್ಗಿಸಿದಳು. “ಕಥಿ ನನ್ನ ಬಾಯಾಗ ಬಂದ ಮ್ಯಾಲ ನೀವು ಕೊಟ್ಟಷ್ಟೇ ಹ್ಯಾಂಗ ಇರ್ತದ? ನಾನೂ ಒಂದ ಕೂಡಿಸೀನಿ. ನಮ್ಮ ಅಳಿಯ ಜೀವಂತ ಚೇಳನ್ನ ಮೀಸಿ ಮ್ಯಾಲ ಆಡಸ್ತಾನಂತ ಹೇಳಿಬಿಟ್ಟೀನಿ. ಎಲ್ಲಾರೂ ಮುಖ್ಯ ಅದನ್ನೇ ನೋಡಾಕ ಬರಾಕತ್ತಾರ.”

ಗುರುಲಿಂಗನ ಕೈ ತಾನಾಗಿಯೇ ತನ್ನ ನುಣ್ಣನೆ ಬೋಳಿಸಿದ ಮೇಲ್ದುಟಿಗೆ ಹೋಯಿತು. ಹೆಂಡತಿಯ ಕಡೆಗೆ ನೋಡಿದ. ವಿದ್ಯಾವತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

“ಮೀಸಿ ಇವತ್ತಿನಿಂದ ಬಿಡ್ರಿ,” ಎಂದಳು ಅತ್ತೆ ಸಮಾಧಾನವಾಗಿ. “ಸೋಮವಾರತನಕ ಬಂದಷ್ಟು ಬರಲಿ.”

“ಆದ್ರ ಅತ್ತಿ, ಚೇಳು...” ಎಂದು ಅವನು ತೊದಲುವಷ್ಟರಲ್ಲಿ ಬಾಗಿಲಲ್ಲಿದ್ದ ಜನರನ್ನು ಸರಿಸಿಕೊಂಡು ಬದ್ರುದ್ದೀನ್ ಒಳಗೆ ಬಂದ. ಮುಖ ಹಿಗ್ಗಿನಿಂದ ಹೊಳೆಯುತ್ತಿತ್ತು. ಕೈಯಲ್ಲಿ ಮುಚ್ಚಳ ಬಿಗಿದ ಡಾಲ್ಡಾ ಡಬ್ಬಿ, ಅದರೊಳಗಿನಿಂದ ಕರಕರ ಸದ್ದು.

“ಗುರಲಿಂಗಣ್ಣ, ಅಮ್ಮನ ಮಾತು ಕೇಳಿದ್ದೇ ಹಿತ್ತಲದಾಗ ಕಲ್ಲು ಎತ್ತಿದೆ, ಒಂದು ಸಿಕ್ಕೇಬಿಡ್ತು. ಕರೀದು, ಅಂಗೈಯಷ್ಟದ. ಸ್ವಲ್ಪ ಗುಸ್ಸಾದಾಗ ಅದ, ಅಷ್ಟೇ.”