ಕಬ್ಬಿನೊಳಗಿಂದ ಮರಿಗಳನ್ನು ಕರೆದವರು

ಕತ್ತಲೆಗೆ ಹೆದರುವವರ ಮೇಲೆ ಜನರಿಗೆ ಒಂದು ಬಗೆಯ ಕನಿಕರವಿದೆ. ದೀಪ ಹಚ್ಚಿಕೊಡುತ್ತಾರೆ, ಬಾಗಿಲ ತನಕ ಜೊತೆಗೆ ಬರುತ್ತಾರೆ. ಮಟಮಟ ಮಧ್ಯಾಹ್ನ ಹೆದರುವವನಿಗೆ ಮಾತ್ರ ಯಾರೂ ಏನೂ ಮಾಡುವುದಿಲ್ಲ. ಬಿಸಿಲು ನೆತ್ತಿಗೇರಿರಬೇಕು, ತಲೆಗೆ ಟವೆಲ್ ಸುತ್ತಿಕೋ ಎಂದು ಹೇಳಿ ಮುಂದೆ ಹೋಗುತ್ತಾರೆ. ನಾನು ಈ ಎರಡನೆಯ ಪಂಗಡದವನು. ಹುಟ್ಟಿನಿಂದ ಅಲ್ಲ. ಕಳೆದ ಚಳಿಗಾಲದಲ್ಲಿ, ಕೊಣ್ಣೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಕೋಳಿಮರಿ ಕಾಯುತ್ತ ಕೂತಾಗ ಸೇರಿಕೊಂಡೆ.

ಗೋಕಾಕದ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಜನರ ಅಫಿಡವಿಟ್ಟುಗಳನ್ನು ಟೈಪು ಮಾಡಿಕೊಡುವುದು ನನ್ನ ಹೊಟ್ಟೆಪಾಡು. 'ನಾನು ಸತ್ಯಪೂರ್ವಕವಾಗಿ ಪ್ರಮಾಣ ಮಾಡಿ ಹೇಳುವುದೇನೆಂದರೆ' ಎಂಬ ಸಾಲನ್ನು ಇಷ್ಟು ಸಲ ಹೊಡೆದಿದ್ದೇನೆಂದರೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವಾಗಲೂ ಅದು ಬಾಯಿಗೆ ಬರುತ್ತದೆ. ಇಂಥ ನಾನು ಒಂದು ಸಂಜೆ ಬಸ್ಸು ನಿಲ್ಲುವ ಮೊದಲೇ ಇಳಿದು ಕಾಲು ಮುರಿದುಕೊಂಡೆ. ಮೊಣಕಾಲಿನ ತನಕ ಪ್ಲಾಸ್ಟರ್ ಬಿತ್ತು. ಅದೇ ವಾರ ನನ್ನ ಹೆಂಡತಿ ಶೋಭಾಳ ತಮ್ಮ ಮಾರುತಿ ಮಸಗುಪ್ಪಿಯಿಂದ ರೋಗಿಯನ್ನು ನೋಡಲು ಬಂದ. ಬೇರೆಯವರು ಬಾಳೆಹಣ್ಣು ತರುತ್ತಾರೆ. ಇವನು ರಟ್ಟಿನ ಡಬ್ಬಿಯಲ್ಲಿ ಕೋಳಿಮರಿ ತಂದ.

"ಮಷೀನ್‌ನ್ಯಾಗ ಹುಟ್ಟಿದ ಮರಿ ಅದಾವ ಮಾಮಾ. ತಾಯಿ ಅಂದ್ರ ಏನಂತ ಗೊತ್ತಿಲ್ಲ ಇವಕ್ಕ," ಎಂದ.

ಅಡುಗೆಮನೆಯ ಮೂಲೆಯಲ್ಲಿ ಬಲ್ಬಿನ ಬಿಸಿಯಲ್ಲಿ ಬೆಳೆದ ಮರಿಗಳಿಗೆ ನೋಡನೋಡುತ್ತ ಪುಕ್ಕ ಬಂದವು. ಆಮೇಲೆ ಡಬ್ಬಿಯಿಂದ ಹಾರಿ ಹಿಟ್ಟಿನ ಡಬ್ಬದ ಮೇಲೆ ಕೂರಲು ಶುರು ಮಾಡಿದವು. ಶಾಲೆಯಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ಶೋಭಾ ತೀರ್ಪು ಕೊಟ್ಟಳು. "ಇನ್ನ ಇವನ್ನ ಬಿಸಲಿಗೆ ಬಿಡೂನು. ದಿನಾ ಸ್ವಲ್ಪ ಸ್ವಲ್ಪ ಹೊತ್ತು ರೂಢಿ ಮಾಡಿಸೂನು. ಮ್ಯಾಲೆ ಮೀನಿನ ಬಲಿ, ಬಾಜೂಕ ನೀರು, ಅರ್ಧಾ ನೆರಳು. ನೀವು ಕುರ್ಚಿ ಹಾಕ್ಕೊಂಡು ಕುಂದರ್ರಿ. ಹೆಂಗೂ ಕುಂತ ಇರ್ತೀರಿ." ಮಾರುತಿ ಹೊಳೆಯ ಮೀನುಗಾರರಿಂದ ಹಳೆಯ ಬಲೆ ತಂದು, ಬಿದಿರಿನ ಗೂಟಕ್ಕೆ ಬಿಗಿದು, ಅಂಚಿಗೆ ಕಲ್ಲು ಹೇರಿ ಹೋದ. ಹದ್ದು ಬಾರದು, ಮುಂಗುಸಿ ನುಗ್ಗದು.

ಮೊದಲ ದಿನ ಮರಿಗಳು ಡಬ್ಬಿಯಿಂದ ಹೊರಬರಲೇ ಇಲ್ಲ. ಬಾಗಿಲು ತೆರೆದಿದೆ, ಜಗತ್ತು ಕಾಯುತ್ತಿದೆ, ಇವು ಮಾತ್ರ ಕೋರ್ಟಿಗೆ ಮೊದಲ ಸಲ ಬಂದ ಸಾಕ್ಷಿಗಳಂತೆ ಒಂದರ ಹಿಂದೊಂದು ಅಡಗುತ್ತಿವೆ. ಕೊನೆಗೊಂದು ಮರಿ ಹುಲ್ಲಿನ ಮೇಲೆ ಕಾಲಿಟ್ಟು, ಹುಲ್ಲು ಅಲುಗಾಡಿದ್ದಕ್ಕೆ ಕಿರುಚಿ ಒಳಗೋಡಿತು. ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ನಗು ಮುಗಿದ ಮೇಲೆ ಹಿತ್ತಿಲು ಎಷ್ಟು ಮೌನವಾಗಿದೆ ಎಂದು ಗೊತ್ತಾಯಿತು.

ನಮ್ಮ ಹಿತ್ತಿಲಿನ ಬೇಲಿ ದಾಟಿದರೆ ಕಬ್ಬು. ಆಳೆತ್ತರ ಮೀರಿ ಬೆಳೆದು, ಕಟಾವಿಗೆ ಬಂದು ನಿಂತಿತ್ತು. ಅದರೊಳಗೆ ಎರಡು ಸಾಲು ಆಚೆಗೆ ಏನೂ ಕಾಣುವುದಿಲ್ಲ. ಮರಿಗಳು ಕೆಲವು ದಿನಗಳಲ್ಲಿ ಧೈರ್ಯ ಮಾಡಿ ಕೆದಕಲು ಕಲಿತಿದ್ದವು. ಒಂದು ಮಧ್ಯಾಹ್ನ ಎಲ್ಲವೂ ಒಟ್ಟಿಗೆ ನಿಂತುಬಿಟ್ಟವು. ಎತ್ತಿದ ಕಾಲು ಎತ್ತಿದಂತೆಯೇ ಇತ್ತು. ಕತ್ತುಗಳೆಲ್ಲ ಕಬ್ಬಿನ ಕಡೆ ತಿರುಗಿದ್ದವು. ಗಾಳಿ ಇರಲಿಲ್ಲ. ಆಗ ಒಳಗಿನಿಂದ ಬಂತು, ತಗ್ಗಿದ ದನಿಯಲ್ಲಿ, ಅವಸರವಿಲ್ಲದೆ: ಕ್ಳೊಕ್... ಕ್ಳೊಕ್... ಕ್ಳೊಕ್.

ತಾಯಿಕೋಳಿ ಮರಿಗಳನ್ನು ಕರೆಯುವ ಸದ್ದು ಅದು. ತಾಯಿಯನ್ನೇ ಕಾಣದ ಮರಿಗಳು ಆ ಕಡೆ ಓಡಿ, ಬಲೆಗೆ ಎದೆಯೊತ್ತಿ, ಒಂದರ ಮೇಲೊಂದು ಬಿದ್ದವು. ನಾನು ಊರುಗೋಲಿನಿಂದ ನೆಲ ಕುಟ್ಟಿದೆ. ಸದ್ದು ನಿಂತಿತು. ಯಾರೋ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡಂತೆ ನಿಂತಿತು.

ಪಕ್ಕದ ಮನೆಯ ಕಾಶವ್ವ ಗೋಡೆಯಾಚೆ ಬಟ್ಟೆ ಹಾಕುತ್ತಿದ್ದಳು. ಒಬ್ಬಳೇ ಇರುವ ಹಿರಿಯ ಹೆಂಗಸು. "ಕಾಶವ್ವಾ, ಯಾರದು ಕೋಳಿ, ಕಬ್ಬಿನ್ಯಾಗ?" ಎಂದೆ.

ಅವಳ ಕೈ ತಂತಿಯ ಮೇಲೆಯೇ ನಿಂತಿತು. "ಈ ಬಾಜೂಕ ಯಾರ ಮನ್ಯಾಗೂ ಕೋಳಿ ಇಲ್ರಿ. ನನ್ನ ಕೆಂಪಿನ ಕಡೀದು. ಮಳಿಗಾಲದಾಗ ಕಬ್ಬಿನ್ಯಾಗ ಹೋತು, ತಿರುಗಿ ಬರಲಿಲ್ಲ. ಬೇಲಿ ಬುಡಕ್ಕ ಬರೇ ಪುಕ್ಕ ಸಿಕ್ಕಾವು." ಹತ್ತಿರ ಬಂದು ದನಿ ತಗ್ಗಿಸಿದಳು. "ನೀವೂ ಕೇಳೀರಿ ಅಂದ್ರ ಖರೆ ಆತು. ನಂಗಷ್ಟ ಕೇಳತೈತಿ ಅಂದ್ಕೊಂಡಿದ್ದೆ. ಕರದ್ರ ಓ ಅನಬ್ಯಾಡ್ರಿ."

ಓ ಎನ್ನುವ ವಿಚಾರ ನನಗೇನೂ ಇರಲಿಲ್ಲ. ಶೋಭಾಳಿಗೆ ಹೇಳಿದರೆ, "ಮಾತ್ರಿ ತಗೊಂಡೀರಿಲ್ಲೋ?" ಎಂದಳು.

ಮರುದಿನ ನಾನು ಕುರ್ಚಿಯನ್ನು ಬಲೆಯ ಹತ್ತಿರಕ್ಕೇ ಎಳೆದುಕೊಂಡೆ. ನಿದ್ದೆ ಮಾಡಲಿಲ್ಲವೆಂದು ಯಾವ ನೋಟರಿಯ ಮುಂದಾದರೂ ಸಹಿ ಹಾಕುತ್ತೇನೆ. ಕಣ್ಣು ಮುಚ್ಚಿದ್ದು ನಿಜ, ಅದು ಬಿಸಿಲಿಗೆ. ತೆರೆದಾಗ ಎರಡು ಮರಿಗಳಿರಲಿಲ್ಲ. ಚೀರಾಟ ಕೇಳಿಸಿರಲಿಲ್ಲ. ಒಂದು ಪುಕ್ಕ ಬಿದ್ದಿರಲಿಲ್ಲ. ಬಲೆ ಬಿಗಿದಂತೆಯೇ ಇತ್ತು. ಒಂದು ಕಲ್ಲಿನ ಬುಡದಲ್ಲಿ ಮಾತ್ರ, ಮಣ್ಣುಸ್ನಾನಕ್ಕೆಂದು ಮರಿಗಳು ಕೆದಕಿದ ಗುಂಡಿ ಬಲೆಯ ಆಚೆಗೂ ತೆರೆದುಕೊಂಡಿತ್ತು. ಉಳಿದ ಮರಿಗಳು ಅದರ ಸುತ್ತ ನಿಂತು ಕಬ್ಬನ್ನು ನೋಡುತ್ತಿದ್ದವು.

ಶಾಲೆಯಿಂದ ಬಂದ ಶೋಭಾ ನನ್ನನ್ನು ಬಯ್ಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಗುಂಡಿಗೆ ಮಣ್ಣು ತುಂಬಿ, ಅಂಚಿಗೆಲ್ಲ ಇಟ್ಟಿಗೆ ಜೋಡಿಸಿ, "ಕೈಯಿಂದ ತಿನ್ನಿಸಿ ಬೆಳಸಿದ್ದೆ," ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಮುಂದಿನ ಮಧ್ಯಾಹ್ನ ಮತ್ತೆ ಅದೇ ನಿಶ್ಶಬ್ದ, ಅದೇ ಕ್ಳೊಕ್. ಈ ಸಲ ಅದರ ಹಿಂದೆಯೇ ಕಬ್ಬಿನೊಳಗಿನಿಂದ ತೆಳ್ಳಗೆ ಚೀಂಯ್ ಚೀಂಯ್ ಎಂಬ ಉತ್ತರ ಬಂತು. ನಮ್ಮ ಮರಿಗಳ ದನಿ. ಬಲೆಯೊಳಗಿನವು ತಿರುಗಿ ಕೂಗಿದವು. ನನ್ನ ತೋಳಿನ ಕೂದಲೆಲ್ಲ ಎದ್ದು ನಿಂತವು. ಪ್ಲಾಸ್ಟರಿನೊಳಗಿನವೂ ನಿಂತಿರಬೇಕು, ಅಲ್ಲಿ ವಿಪರೀತ ತುರಿಸಿತು.

ಅಷ್ಟರಲ್ಲಿ ಕಟಾವಿನ ಗ್ಯಾಂಗು ಬಂತು. ಕೊಯ್ಯುತ್ತ ಕೊಯ್ಯುತ್ತ ಹೊಲ ಬಯಲಾಗಿ, ಕೊನೆಗೆ ನಮ್ಮ ಬೇಲಿಯ ಹತ್ತಿರ ಒಂದು ಮಂಚದಗಲದ ಕಬ್ಬು ಉಳಿಯಿತು. ಅವತ್ತು ರಜೆಯಿದ್ದ ಶೋಭಾ ಬೇಲಿ ದಾಟಿ ಹೋಗಿ, "ಕಾಕಾ, ಸ್ವಲ್ಪ ಸಾವಕಾಶ ಕಡೀರಿ. ನಮ್ಮ ಮರಿ ಅದಾವ ಅದರಾಗ," ಎಂದು ಗ್ಯಾಂಗಿನ ಹಿರಿಯನನ್ನು ಬೇಡಿಕೊಂಡಳು. ಅವನು ನಗುತ್ತ ಕುಡುಗೋಲು ಎತ್ತಿದ. ಗಾಳಿಯಿಲ್ಲದೆ ಆ ಕಬ್ಬು ಅಲುಗಾಡಿತು. ಅವನ ನಗು ನಿಂತಿತು. ಎಲ್ಲ ಕುಡುಗೋಲುಗಳೂ ಕೆಳಗಿಳಿದವು. ಕಾಶವ್ವ ಗೋಡೆಯ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಾನು ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ, ಯಾರನ್ನು ಹೊಡೆಯಲೆಂದು ಗೊತ್ತಿಲ್ಲದೆ.

ಕಬ್ಬು ಸರಿಸಿ ಒಂದು ಕೋಳಿ ಹೊರಗೆ ಬಂತು. ಕೆಂಪು ಬಣ್ಣ, ಎಲುಬಿನ ಹಂದರ, ಬಾಲದ ಪುಕ್ಕವೆಲ್ಲ ಕಿತ್ತುಹೋಗಿತ್ತು. ಅದರ ಹಿಂದೆ ನಮ್ಮ ಎರಡು ಮರಿಗಳು.

"ಕೆಂಪೀ!" ಎಂದು ಕಾಶವ್ವ ಕೂಗಿ ಬೇಲಿಯ ಕಿಂಡಿಯ ಕಡೆ ಓಡಿಬಂದಳು. ಕೋಳಿ ಅವಳನ್ನು ನೋಡಲಿಲ್ಲ. ಅವಳ ಕಾಲ ಪಕ್ಕದಲ್ಲೇ ನಡೆದು, ನಮ್ಮ ಹಿತ್ತಿಲು ಹೊಕ್ಕು, ಬಲೆಯ ಎದುರು ನಿಂತು ಉಳಿದ ಮರಿಗಳನ್ನು ಕರೆಯಿತು.

ಕಬ್ಬಿನ ಬುಡದಲ್ಲಿ ಹಿರಿಯನಿಗೆ ಒಂದು ಗೂಡು ಸಿಕ್ಕಿತು. ಟವೆಲ್ಲಿನಲ್ಲಿಟ್ಟು ತಂದು ತೋರಿಸಿದ. ಒಣಗಿದ ತರಗಿನ ನಡುವೆ ಹಳೆಯ ಮೊಟ್ಟೆಗಳು. ಕೈಗೆತ್ತಿಕೊಂಡರೆ ಭಾರವೇ ಇಲ್ಲ. "ಎಂದೋ ಕೆಟ್ಟ ಹೋಗ್ಯಾವ. ಪಾಪ, ಬಿಡಲಾರದ ಕುಂತೈತಿ. ನಿಮ್ಮ ಮರಿ ದನಿ ಕೇಳಿ, ತನ್ನ ಮರೀನ ಅಂತ ತಿಳಕೊಂಡೈತಿ," ಎಂದ.

ಯಾವುದೋ ಪ್ರಾಣಿ ಬಾಲ ಹಿಡಿದಾಗ ಕಿತ್ತುಕೊಂಡು ಓಡಿ, ಆ ಕತ್ತಲೆ ಸಾಲುಗಳಲ್ಲಿ ಒಡೆಯದ ಮೊಟ್ಟೆಗಳ ಮೇಲೆ ಕೂತು, ಅಷ್ಟು ದಿನ ಅದು ಏನನ್ನು ಕೇಳಿಸಿಕೊಳ್ಳುತ್ತಿತ್ತೋ. ದೆವ್ವವೇ ಆಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಕಾಶವ್ವ ಕಣ್ಣೊರೆಸಿಕೊಂಡು, "ನಿಮ್ಮಲ್ಲೇ ಇರ್ಲಿ ಬಿಡ್ರಿ. ಮಕ್ಕಳು ಇದ್ದಲ್ಲೇ ಅದರ ಮನಿ," ಎಂದಳು. ಈಗ ದಿನಾ ನಮ್ಮ ಹಿತ್ತಿಲಿನಲ್ಲೇ ಕಾಳು ಹಾಕುತ್ತ ಕೂರುತ್ತಾಳೆ.

ಕೆಂಪಿ ಬಂದ ಮೇಲೆ ಬಲೆ ಮೂಲೆ ಸೇರಿತು. ಮರಿಗಳು ಪೇರಲಗಿಡದ ತನಕ, ಬಚ್ಚಲ ನೀರಿನ ತನಕ ಅದರ ಹಿಂದೆ ಸುತ್ತುತ್ತವೆ. ಮೇಲೆ ಹದ್ದಿನ ನೆರಳು ಸುಳಿದರೆ ಅದು ಗಂಟಲಿನಲ್ಲಿ ಒಂದು ಉದ್ದ ಸ್ವರ ಎಳೆಯುತ್ತದೆ. ಮರುಕ್ಷಣ ಹಿತ್ತಿಲು ಖಾಲಿ. ಅದು ಮತ್ತೆ ಕ್ಳೊಕ್ ಎನ್ನುವ ತನಕ ಒಂದು ಮರಿಯೂ ಹೊರಗೆ ಬರುವುದಿಲ್ಲ. ನನ್ನ ಪ್ಲಾಸ್ಟರ್ ಬಿಚ್ಚಿದರು, ಅಂಗಡಿಗೂ ಹೋಗತೊಡಗಿದೆ.

ಮೊನ್ನೆ ರವಿವಾರ ಮಧ್ಯಾಹ್ನ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋಗಿದ್ದೆ. ಕೆಂಪಿ ಆ ಸ್ವರ ಎಳೆಯಿತು. ಏನಾಯಿತೆಂದು ನನಗೆ ತಿಳಿಯುವ ಮೊದಲೇ ನಾನು ಪೇರಲಗಿಡದ ಕೆಳಗೆ ಮರಿಗಳ ನಡುವೆ, ತಲೆಯ ಮೇಲೆ ಒಣಗಿದ ಲುಂಗಿ ಹೊದ್ದುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದೆ. ಬಾಗಿಲಲ್ಲಿ ನಿಂತ ಶೋಭಾ ಆಕಾಶ ನೋಡಿ, "ಹದ್ದು ಹೋತ್ರಿ, ಏಳ್ರಿನ್ನ," ಎಂದಳು.

ನಾನು ಕೆಂಪಿಯ ಮುಖ ನೋಡಿದೆ. ಅದು ಇನ್ನೂ ಏನೂ ಹೇಳಿರಲಿಲ್ಲ. ನಾನು ಕೂತೇ ಇದ್ದೆ.