ಚೀಲದಲ್ಲಿ ತಂದ ಬೆಕ್ಕು ಸರದಿಗೆ ಅಡ್ಡ ಹೋದ ಬಗ್ಗೆ

ಉಪ ಜಾನುವಾರು ಆಸ್ಪತ್ರೆ, ಮೂಲೆಕಾಡು (ಕೊಳತ್ತೂರು ಮಾರ್ಗ)

ಸಂಖ್ಯೆ: ಕುರಿ/ಇತರೆ/ಬೆಕ್ಕು/01
ದಿನಾಂಕ: ಘಟನೆಯ ಮರುದಿನ, ಶುಕ್ರವಾರ

ಸುತ್ತೋಲೆ

ವಿಷಯ: ಸಾಕು ಬೆಕ್ಕುಗಳು ಆಸ್ಪತ್ರೆಗೆ ಬಂದಾಗ ನಡೆದುಕೊಳ್ಳತಕ್ಕ ರೀತಿ, ಅವು ಹಾಗೆ ನಡೆದುಕೊಳ್ಳದಿದ್ದಲ್ಲಿ ಮನುಷ್ಯರು ನಡೆದುಕೊಳ್ಳತಕ್ಕ ರೀತಿ.

ಉಲ್ಲೇಖ: (1) ಡಾಕ್ಟರಮ್ಮನವರ ಜೀಪು ಏಕೆ ಹೊರಟಿಲ್ಲ ಎಂದು ಮೇಲಿನ ಕಚೇರಿಯಿಂದ ಬಂದ ಮೂರು ಫೋನುಗಳು.
(2) ಈ ಸುತ್ತೋಲೆಯ ಸಹಿದಾರರ ಬಲಗೈ.

ಪೀಠಿಕೆ: ಈ ಗಡಿಭಾಗದ ಸಾರ್ವಜನಿಕರು ಮನೆಯಲ್ಲಿ ಕನ್ನಡ ಆಡುವರು, ಶಾಲೆಯಲ್ಲಿ ತಮಿಳು ಓದಿರುವರು, ಗೋಡೆಗೆ ಅಂಟಿಸಿದ್ದನ್ನು ಯಾವ ಭಾಷೆಯಲ್ಲಿದ್ದರೂ ಓದರು. ಆದಕಾರಣ ಈ ಸುತ್ತೋಲೆಯನ್ನು ಕನ್ನಡದಲ್ಲಿ ಬರೆದು, ಅಟೆಂಡರ್ ಗೋವಿಂದರಾಜ್ ಅವರು ಟೀ ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಓದುವಾಗ ನಗತಕ್ಕದ್ದಲ್ಲ.

1. ಈ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ದನ, ಎಮ್ಮೆ, ಕುರಿ, ಮೇಕೆ, ಕೋಳಿಗಳಿಗೆ ಮಾತ್ರ ಕಾಲಂ ಇರುತ್ತದೆ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮುತ್ತಮ್ಮ ಎಂಬ ಕುರಿ ಸಾಕುವ ಹೆಂಗಸು ಗೋಣಿಚೀಲವೊಂದನ್ನು ತಂದು ಚಿಕಿತ್ಸೆಯ ಮೇಜಿನ ಮೇಲಿಟ್ಟಾಗ, ಒಳಗಿರುವುದು ಸಿಂಗಾರಿ ಎಂಬ ಹೆಣ್ಣು ಬೆಕ್ಕು ಎಂದು ತಿಳಿದುಬಂದಿತು. ಬೇರೆ ದಾರಿ ಕಾಣದೆ ಸಹಿದಾರರು ಅದನ್ನು ‘ಕುರಿ, ಸಣ್ಣದು’ ಎಂದು ದಾಖಲಿಸಿದರು. ಉಣ್ಣೆಯ ಬಣ್ಣ: ಬೂದಿ.

2. ಕಾಯಿಲೆ: ಮೇಲ್ದವಡೆಯಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡು ಮೂರು ದಿನ. ಅನ್ನವಿಲ್ಲ, ನೀರೂ ಇಲ್ಲದಂತೆಯೇ. ಡಾಕ್ಟರಮ್ಮ ಜಯಪ್ರಿಯಾ ಅವರು ವಾರಕ್ಕೊಮ್ಮೆ, ಗುರುವಾರ ಮಾತ್ರ ಬಂದು, ಒಂದು ಗಂಟೆಗೆ ಜೀಪು ಹತ್ತುವವರು. ಮುಳ್ಳು ಅಂದೇ ತೆಗೆಯದಿದ್ದರೆ ಮುಂದಿನ ಗುರುವಾರದವರೆಗೆ ಆ ಜೀವ ಉಳಿಯದು. ಇದು ಎಲ್ಲರಿಗೂ ಗೊತ್ತಿತ್ತು, ಬೆಕ್ಕೊಂದನ್ನು ಬಿಟ್ಟು.

3. ಚೀಲದ ಬಾಯಿ ಬಿಚ್ಚಿದ ಕೂಡಲೇ ಸದರಿ ಬೆಕ್ಕು ಮೇಜಿನಿಂದ ಹಾರಿ, ಕುರಿಗಳಿಗೆ ಲಸಿಕೆ ಹಾಕಿಸಲು ನಿಂತಿದ್ದ ಹನ್ನೊಂದು ಜನರ ಸರದಿಯ ಮುಂದೆ, ಎಡದಿಂದ ಬಲಕ್ಕೆ ಅಡ್ಡ ಓಡಿ, ಸಹಿದಾರರು ಕೂರುವ ಕಚೇರಿಯ ಕೋಣೆಗೆ ನುಗ್ಗಿ ಬೀರುವಿನ ನೆತ್ತಿ ಏರಿತು. ಬೆಕ್ಕು ಅಡ್ಡ ಹೋದರೆ ಈ ಸೀಮೆಯಲ್ಲಿ ಯಾರೂ ಮುಂದಕ್ಕೆ ಹೆಜ್ಜೆ ಇಡರು. ಕೂತು, ನೀರು ಕುಡಿದು, ಬೇರೆ ಯಾರಾದರೂ ಮೊದಲು ದಾಟಲಿ ಎಂದು ಕಾಯುವುದು ವಾಡಿಕೆ. ಹನ್ನೊಂದು ಜನವೂ ಕೂತರು, ನೀರು ಕುಡಿದರು, ಕಾದರು.

4. ಈ ನಡುವೆ ದೊಡ್ಡಣ್ಣ ಎಂಬುವರ ಟಗರೊಂದು ತಾನಾಗಿಯೇ ಬೆಕ್ಕು ಓಡಿದ ಗೆರೆ ದಾಟಿತು. ಟಗರು ದಾಟಿದರೆ ದೋಷ ಟಗರಿಗೋ ಒಡೆಯನಿಗೋ ಎಂದು ಅರ್ಧ ಗಂಟೆ ಚರ್ಚೆಯಾಗಿ, ಟಗರು ಜವಾಬ್ದಾರಿಯುತ ವ್ಯಕ್ತಿಯಲ್ಲ ಎಂದು ತೀರ್ಮಾನವಾಯಿತು. ಟಗರನ್ನು ಹಿಂದಕ್ಕೆ ಕರೆಯಲಾಯಿತು.

5. ಮುತ್ತಮ್ಮನವರು ಮಾತ್ರ ತಡೆಯದೆ ದಾಟಿಬಂದರು. ಕಾರಣ ಕೇಳಲಾಗಿ ಅವರು ನೀಡಿದ ಹೇಳಿಕೆ: “ಇದು ನಮ್ಮನ್ಯಾಗೆ ದಿನಾ ಇಪ್ಪತ್ತು ಕಿತ ಅಡ್ಡ ಬತ್ತದೆ ಸಾರ್, ಅಂಗಂತ ನಾನು ಒಲೆ ಅಚ್ಚೋದು ಬಿಟ್ಟಿವ್ನಾ?” ಆದರೆ ಸ್ವಂತ ಬೆಕ್ಕಿನ ಶಕುನ ಸ್ವಂತ ಮನೆಯವರಿಗೆ ತಟ್ಟದು, ಹಾಗಾಗಿ ಈ ದಾಟುವಿಕೆ ಲೆಕ್ಕಕ್ಕಿಲ್ಲ ಎಂದು ಸರದಿಯವರು ಕೂತಲ್ಲಿಂದಲೇ ತಳ್ಳಿಹಾಕಿದರು.

6. ಡಾಕ್ಟರಮ್ಮನವರು ತಮಗೆ ಇಂಥ ನಂಬಿಕೆಗಳಿಲ್ಲವೆಂದು ತಮಿಳಿನಲ್ಲಿ ಸ್ಪಷ್ಟಪಡಿಸಿದರು. ಆದಾಗ್ಯೂ, ಗೆರೆಯ ಆಚೆ ಬದಿಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತು, ಆಗಲೇ ಶುದ್ಧವಾಗಿದ್ದ ಚಿಮಟವನ್ನು ಮತ್ತೆ ಮತ್ತೆ ಶುದ್ಧಗೊಳಿಸುತ್ತಿದ್ದರೆಂಬುದನ್ನು ಕಡತದ ಪೂರ್ಣತೆಗಾಗಿ ನಮೂದಿಸಲಾಗಿದೆ.

7. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಉಂಟು. ಅಂದು ಇಲಿಯ ಹುದ್ದೆಯನ್ನು ಸಹಿದಾರರು ಹೆಚ್ಚುವರಿ ಪ್ರಭಾರದಲ್ಲಿ ನಿರ್ವಹಿಸಿದರು. ಬೀರು ಇರುವುದು ಅವರ ಕುರ್ಚಿಯ ಹಿಂದೆ. ಕುರ್ಚಿ ಹತ್ತಿ ಕೈ ಚಾಚಲಾಗಿ ಬೆಕ್ಕಿನ ಉಗುರಿನಿಂದ ಉಲ್ಲೇಖ (2) ಸಂಭವಿಸಿತು.

8. ಬಳಿಕ ಗೋವಿಂದರಾಜ್ ಅವರು ಯಾರನ್ನೂ ಕೇಳದೆ ಕರುವಾಡು, ಅಂದರೆ ಒಣಮೀನು, ತಂದು ಬೆಕ್ಕಿಗೆ ತೋರಿಸಿದರು. ಮೀನಿನ ಮುಳ್ಳಿನಿಂದ ಸಾಯುತ್ತಿರುವ ಪ್ರಾಣಿಯನ್ನು ಮೀನು ತೋರಿಸಿ ಕರೆಯುವ ಪದ್ಧತಿಯನ್ನು ಈ ಮೂಲಕ ಕಡ್ಡಾಯವಾಗಿ ನಿಷೇಧಿಸಲಾಗಿದೆ. ಬೆಕ್ಕು ಮೂಸಿ, ಬಾಯಿ ತೆರೆಯಲು ನೋಡಿ, ಆಗದೆ ಸಣ್ಣಗೆ ಅತ್ತಿತು. ಜೊಲ್ಲು ಹಾಜರಿ ಪುಸ್ತಕದ ಮೇಲೆ ಬಿತ್ತು. ಅಲ್ಲಿಯವರೆಗೆ ಸಿಟ್ಟಿನಲ್ಲಿದ್ದ ಸಹಿದಾರರು ಪುಸ್ತಕವನ್ನು ಸರಿಸದೆ, ಜೊಲ್ಲು ಬೀಳಲು ಬಿಟ್ಟರು. ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿಲ್ಲದಿದ್ದರೂ ಬಿಟ್ಟರು. ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು, ಹೊರಗೆ ಜೀಪಿನವನ ಹಾರನ್ನು.

9. ಆಗ ದೊಡ್ಡಣ್ಣನವರು ಕೂತಲ್ಲಿಂದಲೇ ಆಡಿದ ಮಾತು: “ಮುತ್ತಕ್ಕ, ಚೀಲ್ದಾಗೆ ಯಾಕ್ ತಂದೆ? ನಮ್ ಕಡೆ ಬೆಕ್ಕುನ್ನ ಚೀಲಕ್ಕೆ ಆಕೋದು ಯಾವಾಗ ಯೋಳು? ಊರಾಚೆ ಬಿಡಾಕ್ ಓಗುವಾಗ. ಅದು ಬಿಡಾಕೆ ತಂದವ್ರೆ ಅಂತ ತಿಳ್ಕಂಡೈತೆ.”

ಮುತ್ತಮ್ಮನವರು ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಚಿದರು. ಆಮೇಲೆ ಸಹಿದಾರರ ಕಡೆ ತಿರುಗಿ ಕೊಟ್ಟ ಹೇಳಿಕೆಯನ್ನು ತಿದ್ದದೆ ಇಲ್ಲಿ ಕೊಡಲಾಗಿದೆ: “ಅದ್ರದೇನೂ ತಪ್ಪಿಲ್ಲ ಸಾರ್. ಓದೊರ್ಸ ನಾಕು ಕೋಳಿಮರಿ ತಿಂತು ಅಂತ ನಾನೇ ಇದೇ ಚೀಲ್ದಾಗೆ ಆಕ್ಕಂಡೋಗಿ ಕಾಡಂಚ್ನಾಗೆ ಬಿಟ್ಟು ಬಂದೆ. ಒಂಬತ್ತು ದಿನಕ್ಕೆ ನಡ್ಕಂಡು ಬಂದು ಒಲೆ ತಾವ ಮಲಗ್ತು. ಒಂದು ಮಾತು ಬೈಲಿಲ್ಲ ನನ್ನ. ಈಗ ತಿರ್ಗ ಅದೇ ಚೀಲ ಕಂಡ್ರೆ ಅದು ಏನಂತ ನಂಬಾದು?”

10. ನಂತರ ಅವರು ಚೀಲವನ್ನು ಕಿಟಕಿಯಿಂದ ಆಚೆ ಎಸೆದು, ಬೀರುವಿನ ಕೆಳಗೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮೇಲೆ ನೋಡಿ ಹೇಳಿದ್ದು: “ಬಿಡಾಕಲ್ಲ ಕಣೇ. ಆವತ್ತು ನಂದು ತಪ್ಪಾಯ್ತು. ಮುಳ್ಳು ತೆಗ್ಸಿ ಮನೆಗೇ ಕರ್ಕಂಡೋಗ್ತೀನಿ, ಬಾ.” ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಸಹಿದಾರರು ಕಡತ ಹುಡುಕುವಂತೆ ಮುಖ ತಿರುಗಿಸಿದರು. ಬೆಕ್ಕು ತಕ್ಷಣ ಕ್ರಮ ಕೈಗೊಳ್ಳಲಿಲ್ಲ. ಮುಂಗಾಲು ನೆಕ್ಕಿಕೊಂಡಿತು, ಗೋಡೆ ನೋಡಿತು, ವಿಷಯವನ್ನು ಪರಿಶೀಲನೆಯಲ್ಲಿಟ್ಟಿತು. ಹನ್ನೆರಡು ನಲವತ್ತಕ್ಕೆ ಬೀರುವಿನಿಂದ ಸಹಿದಾರರ ಹೆಗಲಿಗೆ, ಹೆಗಲಿನಿಂದ ಮುತ್ತಮ್ಮನವರ ಮಡಿಲಿಗೆ ಇಳಿಯಿತು.

11. ಅದು ಇಳಿದದ್ದು ಕಂಡ ಡಾಕ್ಟರಮ್ಮನವರು ಚಿಮಟ ಹಿಡಿದು ಗೆರೆ ದಾಟಿ ಬಂದೇಬಿಟ್ಟರು. ಮುಳ್ಳು ಎರಡು ನಿಮಿಷದಲ್ಲಿ ಹೊರಬಂತು. ಉದ್ದ ಅರ್ಧ ಬೆರಳು. ಓದಿದವರೇ ದಾಟಿದ ಮೇಲೆ ಇನ್ನೇನು ಎಂದು ಹನ್ನೊಂದು ಜನವೂ ಎದ್ದರು, ಎಲ್ಲಾ ಕುರಿಗಳಿಗೂ ಲಸಿಕೆಯಾಯಿತು. ಜೀಪು ಒಂದೂ ಮುಕ್ಕಾಲಿಗೆ ಹೊರಟಿತು. ಉಲ್ಲೇಖ (1)ಕ್ಕೆ ಇದೇ ಉತ್ತರ.

12. ಮೇಲ್ಕಂಡ ಕಾರಣಗಳಿಂದ ಆದೇಶಿಸಲಾಗಿರುವುದೇನೆಂದರೆ:

(ಅ) ಬೆಕ್ಕುಗಳನ್ನು ಇನ್ನು ಮುಂದೆ ಚೀಲದಲ್ಲಿ ತರತಕ್ಕದ್ದಲ್ಲ. ಮಡಿಲಲ್ಲಿ ತರಬಹುದು. ಮಡಿಲೊಪ್ಪದ ಬೆಕ್ಕುಗಳಿಗಾಗಿ ಪಾಲಕೋಡಿನ ಸಂತೆಯ ಟೊಮ್ಯಾಟೊ ಕ್ರೇಟು ಎರಡನ್ನು ಬಾಯಿಗೆ ಬಾಯಿ ಸೇರಿಸಿ ಕಟ್ಟಿ ಇಡಲಾಗಿದೆ.

(ಆ) ಹೊರಡುವ ಮುನ್ನ ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ ಎಂಬುದನ್ನು ಬೆಕ್ಕಿಗೆ ಮನೆಮಾತಿನಲ್ಲಿ ತಿಳಿಸತಕ್ಕದ್ದು. ಕನ್ನಡದಲ್ಲಿ ಬೆಳೆದ ಬೆಕ್ಕಿಗೆ ತಮಿಳಿನಲ್ಲಿ ತಿಳಿಸಿದರೆ ಬೆಕ್ಕು ಒಪ್ಪಿದ್ದರೂ ಅಸಿಂಧು.

(ಇ) ಹಿಂದೆ ಯಾವಾಗಲಾದರೂ ಬೆಕ್ಕನ್ನು ಊರಾಚೆ ಬಿಟ್ಟು ಬಂದವರು ಮೊದಲು ಅದರ ಕ್ಷಮೆ ಕೇಳತಕ್ಕದ್ದು. ನಮೂನೆ ಇಲ್ಲ, ಬಾಯಿಮಾತು ಸಾಕು.

(ಈ) ಬೆಕ್ಕು ಅಡ್ಡ ಹೋದ ಸಂದರ್ಭದಲ್ಲಿ ಮೊದಲು ದಾಟಲು ಸಿಬ್ಬಂದಿಯೊಬ್ಬರನ್ನು ನೇಮಿಸತಕ್ಕದ್ದು. ಗೋವಿಂದರಾಜ್ ಅವರು ಲಿಖಿತವಾಗಿ ನಿರಾಕರಿಸಿರುವುದರಿಂದ ಸಹಿದಾರರೇ ದಾಟುವರು. ಅವರಿಗೆ ಇನ್ನು ಆಗಬೇಕಾದ್ದು ಏನೂ ಉಳಿದಿಲ್ಲ.

(ಉ) ಅಂದು ಮನೆಗೆ ಮರಳುವಾಗ, ಬರಿಗೈಯಲ್ಲಿ ಹಿಡಿದ ಬೆಕ್ಕನ್ನು ಹತ್ತಿಸಿಕೊಳ್ಳಲು ಬಸ್ಸಿನ ಕಂಡಕ್ಟರ್ ಒಪ್ಪದೆ, ಚೀಲಕ್ಕೆ ಹಾಕಿ ಎಂದಾಗ, ಮುತ್ತಮ್ಮನವರು ಒಲ್ಲೆನೆಂದು ಆರು ಕಿಲೋಮೀಟರು ಬಿಸಿಲಲ್ಲಿ ಅದನ್ನು ಎತ್ತಿಕೊಂಡೇ ನಡೆದು ಹೋಗಿರುತ್ತಾರೆ. ಇಂಥದ್ದು ಮರುಕಳಿಸಬಾರದು.

ಸಹಿ/-
(ಎಡಗೈಯಲ್ಲಿ)
ಮುತ್ತುಸ್ವಾಮಿ
ಕಚೇರಿ ಮೇಲ್ವಿಚಾರಕ, ಪ್ರಭಾರ

ಪ್ರತಿಗಳು:

1. ಮೇಲಿನ ಕಚೇರಿಗೆ, ಬೆಕ್ಕಿಗೊಂದು ಕಾಲಂ ಮಂಜೂರು ಮಾಡುವಂತೆ ಕೋರಿ.

2. ಬಸ್ಸಿನ ಕಂಡಕ್ಟರ್ ಶೇಖರ್ ಅವರಿಗೆ, ತಿಳಿವಳಿಕೆಗಾಗಿ ಮತ್ತು ನಾಚಿಕೆಗಾಗಿ.

3. ದೊಡ್ಡಣ್ಣನವರಿಗೆ, ಮೆಚ್ಚುಗೆಯೊಂದಿಗೆ. ಟಗರಿಗೆ ಪ್ರತ್ಯೇಕ ಪ್ರತಿ ಇಲ್ಲ.

4. ಶ್ರೀಮತಿ ಮುತ್ತಮ್ಮನವರಿಗೆ. ಅವರಿಗೆ ಓದು ಬಾರದಿರುವುದರಿಂದ ಭಾನುವಾರ ಸಹಿದಾರರೇ ಖುದ್ದಾಗಿ ಮನೆಗೆ ಹೋಗಿ ಓದಿ ಹೇಳುವರು. ಸಿಂಗಾರಿ ಅನ್ನ ತಿನ್ನುತ್ತಿದೆಯೇ ಎಂಬುದನ್ನು ಅದು ತಿಂದು ಮುಗಿಸುವವರೆಗೂ ಕೂತು, ಕಣ್ಣಾರೆ ನೋಡಿ ಬರುವರು.