ಅವನ ಗಂಟಲು, ನನ್ನ ಮೊಣಕಾಲು

ಹರಕೆ ಹೊರುವ ಹೊತ್ತಿನಲ್ಲಿ ಮನುಷ್ಯರಿಗೆ ನಾಲಿಗೆ ಒಂದೇ ಇರುತ್ತದೆ, ಮೊಣಕಾಲು ಇರುವುದಿಲ್ಲ. ದೇವರ ಮುಂದೆ ನಿಂತು "ಬರಿಗಾಲಲ್ಲಿ ಗುಡ್ಡ ಹತ್ತುತ್ತೇನಪ್ಪಾ, ತಲೆಯ ಮೇಲೆ ನೂರಾ ಒಂದು ರೊಟ್ಟಿ ಹೊತ್ತು ತಂದು ಭಕ್ತರಿಗೆ ಹಂಚುತ್ತೇನೆ" ಎನ್ನುವುದು ಬಹಳ ಸುಲಭ. ಮೊಣಕಾಲಿನ ನೆನಪಾಗುವುದು ಕೆಲಸ ಆದ ಮೇಲೆ. ಮಗಳ ಪರೀಕ್ಷೆಗೆ, ಅತ್ತೆಯ ಕಣ್ಣಿನ ಆಪರೇಷನ್ನಿಗೆ, ಎಮ್ಮೆ ಈಯುವುದಕ್ಕೆ ನಾನು ಹೊತ್ತ ಹರಕೆಗಳು ಎಷ್ಟೋ. ಎಲ್ಲವನ್ನೂ ತೀರಿಸಿದ್ದೇನೆ, ಕಾರಣ ಕೇಳಿ ಯಾರೂ ನಕ್ಕಿಲ್ಲ. ಆದರೆ ಈ ಸಲದ್ದು ನಾಲ್ಕು ಜನರ ಮುಂದೆ ಹೇಳುವ ಹಾಗಿಲ್ಲ. ನಾನು ಹರಕೆ ಹೊತ್ತದ್ದು ಇಂಗ್ಲಿಷಿನಲ್ಲಿ ಒದರುವ ಒಂದು ರಾಕ್ ಬ್ಯಾಂಡಿಗೆ.

ಗಾಬರಿಯಾಗಬೇಡಿ. ನಾನು ಗಜೇಂದ್ರಗಡದ ಸಾದಾ ಹೆಣ್ಣುಮಗಳು. ಸೋಮವಾರ ಒಪ್ಪತ್ತು, ಶುಕ್ರವಾರ ಲಕ್ಷ್ಮೀಪೂಜೆ, ಯಾವುದೂ ತಪ್ಪಿಸಿದವಳಲ್ಲ. ತಪ್ಪೆಲ್ಲ ನರಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ತಮ್ಮ ಮಾಂತನದು. ಆರು ವರ್ಷದ ಹಿಂದೆ "ವಚನ, ಭಜನಿ ತುಂಬಿ ಕೊಡೋ" ಎಂದು ಫೋನು ಕೊಟ್ಟರೆ, ಪುಣ್ಯಾತ್ಮ ಅವಸರದಲ್ಲಿ ತನ್ನ ಹಾಡಿನ ಕಾರ್ಡನ್ನೇ ಹಾಕಿ ಕಳಿಸಿದ. ಮರುದಿನ ರೊಟ್ಟಿಗೆ ಕೂತು ಹಾಡು ಹಚ್ಚಿದೆ. ಗಿರಣಿಯಲ್ಲಿ ಜೋಳ ಮುಗಿದು ಬರೀ ಕಲ್ಲು ತಿರುಗಿದರೆ ಬರುತ್ತದಲ್ಲ, ಅಂಥ ಸದ್ದು! ಬಂದ್ ಮಾಡಬೇಕೆಂದರೆ ಎರಡೂ ಕೈ ಹಿಟ್ಟು. ಕೈ ತೊಳೆಯುವ ಬೇಸರಕ್ಕೆ ಮೂರು ಹಾಡು ಕೇಳಿದೆ. ನಾಲ್ಕನೆಯದರಲ್ಲಿ ಗಿರಣಿಯ ಸದ್ದೆಲ್ಲ ಒಮ್ಮೆಲೇ ನಿಂತು, ಒಬ್ಬನೇ ಒಬ್ಬ, ನೆಗಡಿಯಾದವನ ದನಿಯಲ್ಲಿ ಏನನ್ನೋ ಬೇಡಿಕೊಂಡ. ಏನು ಬೇಡಿದನೋ ನನಗೆ ತಿಳಿಯಲಿಲ್ಲ. ಆದರೆ ಬೇಡಿಕೊಳ್ಳುವವರ ದನಿ ನನಗೆ ಗೊತ್ತು. ದಿನಾ ಮುಂಜಾನೆ ದೇವರ ಕೋಣೆಯಲ್ಲಿ ನನ್ನದೂ ಅದೇ ದನಿ. ಅವತ್ತು ಕೈಗೆ ಹಿಟ್ಟು ಹತ್ತಿತ್ತಲ್ಲ, ಅದನ್ನು ದೇವರ ಸಣ್ಣ ಕೃಪೆಗಳ ಲೆಕ್ಕದಲ್ಲೇ ಹಿಡಿದಿದ್ದೇನೆ.

ಆ ಬ್ಯಾಂಡಿನ ಹೆಸರು ನನ್ನ ಬಾಯಲ್ಲಿ ನೆಟ್ಟಗೆ ಹೊರಡುವುದಿಲ್ಲ. ಮೊದಲ ಆಲ್ಬಮ್ಮಿನ ಮುಖಚಿತ್ರದಲ್ಲಿ ಅಂಗಳದೊಳಗೆ ಒಂದು ಖಾಲಿ ಕುರ್ಚಿ ಇದೆ, ಹಾಗಾಗಿ ನನಗೆ ಅವರು ಕುರ್ಚಿಯವರು. ಇನ್ನೂ ಒಂದು ತಂಡ ಇದೆ, ಹಲ್ಲಿಯ ಚಿತ್ರದ ಮೂರು ಹುಡುಗಿಯರದು. ಸಿಟ್ಟಿನಲ್ಲಿ ಬೋಗುಣಿ ತಿಕ್ಕಿದ ಹಾಗೆ ಗಿಟಾರು ತಿಕ್ಕುತ್ತಾರೆ. ಮನೆಯವರ ಮೇಲೆ ಕೋಪ ಬಂದ ದಿನ ನನಗೆ ಅವರೇ ಬೇಕು. ಆದರೆ ಕುರ್ಚಿಯವರೆಂದರೆ ಮನೆದೇವರಿದ್ದಂತೆ. ಶಿವ ಶಿವಾ, ಹಾಗನ್ನಬಾರದು. ತವರಿನವರಿದ್ದಂತೆ ಎನ್ನೋಣ. ಅವರ ಮೊದಲ ಆಲ್ಬಮ್ಮು ಯಾರದೋ ತಗಡಿನ ಶೆಡ್ಡಿನಲ್ಲಿ ಮಾಡಿದ್ದಂತೆ. ಡ್ರಮ್ಮಿನ ಹಿಂದೆ ಯಾರೋ ಕೆಮ್ಮಿದ್ದೂ ಕೇಳುತ್ತದೆ. ಆ ಕೆಮ್ಮು ಬಂತೆಂದರೆ ನಾನು ಹಂಚಿನ ಮೇಲಿನ ರೊಟ್ಟಿ ತಿರುವುತ್ತೇನೆ, ಲೆಕ್ಕ ತಪ್ಪುವುದಿಲ್ಲ. ಎರಡನೆಯ ಆಲ್ಬಮ್ಮಿಗೆ ಪಿಟೀಲು ಗಿಟೀಲು ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಪೌಡರು ಬಳಿದುಕೊಂಡು ಬಂದರು. ಮನಸ್ಸಿಗೆ ಬರಲಿಲ್ಲ, ಆದರೂ ಕೇಳಿದೆ. ಪೌಡರು ಬಳಿದುಕೊಂಡರೆಂದು ತವರಿನವರನ್ನು ಬಿಡಲಿಕ್ಕಾಗುತ್ತದೆಯೇ? ಗೋಡೆಯಾಚೆಯ ಪಾರವ್ವ ಮಾತ್ರ ಆಗಾಗ ಹಣಿಕಿ ಹಾಕಿ, "ಏನವಾ ಗಿರಿಜವ್ವಾ, ಮೊದ್ಲ ನಿನ್ನ ರೊಟ್ಟಿ ಸಪ್ಪಳ ಎತ್ತು ನಡದಂಗ ಇರತಿತ್ತು, ಈಗ ಕುದುರಿ ಓಡಿದಂಗ ಬಡೀತಿ. ಯಾರ ಮ್ಯಾಲ ಇಷ್ಟ ಸಿಟ್ಟು?" ಎನ್ನುತ್ತಾಳೆ.

ಹೀಗಿರುವಾಗ ಮಾಂತ ಫೋನು ಮಾಡಿದ. "ಅಕ್ಕಾ, ಸುದ್ದಿ ಚಲೋ ಇಲ್ಲ. ಹಾಡವನ ಗಂಟಲದಾಗ ಗಂಟ ಆಗೇತಂತ. ಬ್ಯಾಂಡ್ ಬಂದ್ ಮಾಡಿದ್ರೂ ಮಾಡಬಹುದು." ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸಂಜೆ ದೀಪ ಹಚ್ಚಿ, ಗುಡ್ಡದ ಮೇಲಿನ ಕಾಲಕಾಲೇಶ್ವರನ ಪಟದ ಮುಂದೆ ಕೈ ಮುಗಿದು, ಅದೇ ಬರಿಗಾಲು, ನೂರಾ ಒಂದು ರೊಟ್ಟಿಯ ಹರಕೆ ಹೊತ್ತೇಬಿಟ್ಟೆ. ಅವನ ಗಂಟಲು ಆರಾಮಾಗಲಿ, ಹೊಸ ಆಲ್ಬಮ್ಮು ಬರಲಿ ಎಂದೆ. ಅಲ್ಲಿಗೆ ಸುಮ್ಮನಾಗಬೇಕಿತ್ತು. ಸಂತೆಯಲ್ಲಿ ಕಾಯಿಪಲ್ಲೆ ಕೊಂಡ ಮೇಲೆ ಎರಡು ಎಸಳು ಕೊತ್ತಂಬರಿ ಕೊಸರು ಕೇಳುವ ಚಟ ನನ್ನದು. "ಮತ್ತ ಅದು ಮೊದಲಿನ ಆಲ್ಬಮ್ಮಿನಷ್ಟ ಚಲೋ ಇರಲಿ" ಎಂದು ಸೇರಿಸಿದೆ.

ಗಂಟಲು ಆರಾಮಾಯಿತು. ಆಲ್ಬಮ್ಮು ಒಂದು ಶುಕ್ರವಾರ ಬಂತು. ಅಷ್ಟರೊಳಗೆ ನನ್ನ ಮೊಣಕಾಲು ಕೆಟ್ಟಿತ್ತು. ರೋಣದ ದವಾಖಾನೆಯಲ್ಲಿ ಡಾಕ್ಟರು "ಮೆಟ್ಟಲ ಹತ್ತೂದು ಕಡಿಮಿ ಮಾಡ್ರಿ ತಾಯಿ" ಎಂದಿದ್ದರು. ಲಕ್ಷ್ಮಿಗೆ ಆರತಿ ಎತ್ತಿ, ಪಡಸಾಲೆಯಲ್ಲಿ ಕೂತು ಕೇಳಿದೆ. ಒಂಬತ್ತು ಹಾಡು. ಕೆಲವು ಬಂಗಾರ, ಕೆಲವು ಹಿತ್ತಾಳೆ, ನಡುವಿನವು ಬರೀ ತಿಕ್ಕಿ ಹೊಳಪು ಮಾಡಿದ ತಾಮ್ರ. ಚಲೋ ಇದೆಯೋ ಇಲ್ಲವೋ?

ನೋಡಿ, ಕಷ್ಟ ಇರುವುದು ಇಲ್ಲಿಯೇ. ಚಲೋ ಇದ್ದರೆ ಹರಕೆ ಈಡೇರಿತು, ಗುಡ್ಡ ಹತ್ತಬೇಕು. ಚಲೋ ಇಲ್ಲದಿದ್ದರೆ ಈಡೇರಲಿಲ್ಲ, ಮೊಣಕಾಲು ಉಳಿಯಿತು. ಹಾಗಾದರೆ ಈ ಆಲ್ಬಮ್ಮನ್ನು ಕೇಳುತ್ತಿರುವುದು ನನ್ನ ಕಿವಿಯೋ, ಮೊಣಕಾಲೋ? ಎಣ್ಣೆ ಹಚ್ಚಿ ತಿಕ್ಕಿಸಿಕೊಂಡ ಸಂಜೆ ಕೇಳಿದರೆ "ಆಹಾ" ಎನ್ನಿಸುತ್ತಿತ್ತು. ಕಾಲು ಜಗ್ಗುವ ಮುಂಜಾನೆ ಕೇಳಿದರೆ "ಇವರಿಗೆ ವಯಸ್ಸಾಯಿತು" ಎನ್ನಿಸುತ್ತಿತ್ತು. ಮಾಂತನನ್ನು ಕೇಳಿದರೆ "ಫಿಫ್ಟಿ ಫಿಫ್ಟಿ ಅಕ್ಕಾ" ಎಂದ. ಅರ್ಧ ಮೆಟ್ಟಿಲು ಹತ್ತಿ ಬರುವ ಪದ್ಧತಿ ಎಲ್ಲಿಯೂ ಇಲ್ಲ. ದೇವರಿಗೆ ಸುಳ್ಳು ಹೇಳುತ್ತಿದ್ದೇನೆಯೇ ಎಂಬ ಅಂಜಿಕೆಯಲ್ಲಿ ಊಟ ಸೇರದಾಯಿತು.

ಕೊನೆಗೆ ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಅತ್ತಿ, ಹರಕಿ ಪೂರಾ ಈಡೇರದ ಅರ್ಧಮರ್ಧ ಆತು ಅಂದ್ರ?"

"ಎಮ್ಮಿ ಕರ ಹಾಕಿತೋ ಇಲ್ಲೋ?"

"ಹಾಕಿತು ಅಂತ ತಿಳೀರಿ."

"ಮತ್ತ? ಕರದ ಬಾಲ ಸೊಟ್ಟ ಐತಿ ಅಂತ ದೇವರಿಗೆ ಇಲ್ಲ ಅಂತಾರೇನ?" ಎಂದು, ನನ್ನ ಮುಖ ನೋಡಿ, "ಯಾರ ಸಲುವಾಗಿ ಹೊತ್ತಿದ್ದಿ?" ಎಂದರು.

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಒಬ್ಬ ಹಾಡವನ ಗಂಟಲ ಸಲುವಾಗ್ರಿ."

"ಮುಂಜಾನಿ ನಿನ್ನ ಫೋನಿನ್ಯಾಗ ಒದರತಾನಲ್ಲ, ಅವನೇನ?"

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅತ್ತೆಗೆ ಕಿವಿ ಮಂದ ಎಂದು ಆರು ವರ್ಷ ನಂಬಿದ್ದೆ. "ನಿಮಗ ಕೇಳಸತಿತ್ತೇನ್ರಿ?"

"ನನಗ ಮಂದ ಇದ್ದದ್ದು ಕಣ್ಣು. ಕಿವಿಗೆ ಏನ ಧಾಡಿ ಆಗೇತಿ? ಅವ ಒದರಿದ ದಿನ ರೊಟ್ಟಿ ತೆಳ್ಳಗ ಬರತಾವ ಅಂತ ಸುಮ್ಮನಿದ್ದೆ. ನಾಳೆ ಹೊಸ ಹಾಡು ಹಚ್ಚಿ ರೊಟ್ಟಿ ಮಾಡು. ಚಲೋ ಅದಾವೋ ಇಲ್ಲೋ, ರೊಟ್ಟಿ ನೋಡಿ ನಾ ಹೇಳತೇನಿ."

ಮರುದಿನ ಅತ್ತೆ ಒಲೆಯ ಪಕ್ಕ ಮಣೆ ಹಾಕಿಕೊಂಡು ನ್ಯಾಯಾಧೀಶರ ಹಾಗೆ ಕೂತರು. ಎಸರು ಹಾಕಿ ಹಿಟ್ಟು ನಾದಿ, ಹಾಡು ಹಚ್ಚಿ, ಬಡಿಯತೊಡಗಿದೆ. ಮೊದಲ ರೊಟ್ಟಿ ಚಂದ ಬಂತು. ಎರಡನೆಯದರ ಅಂಚು ಬಿರಿಯಿತು. ಐದನೆಯದು ನಕಾಶೆಯ ಹಾಗಾಯಿತು. ಅತ್ತೆ ಹುಬ್ಬು ಗಂಟಿಕ್ಕಿದರು, ಮೊಣಕಾಲಿಗೆ ಜೀವ ಬಂತು. ಆಗ ಒಂಬತ್ತನೆಯ ಹಾಡು ಬಂತು. ಡ್ರಮ್ಮು ಇಲ್ಲ, ಗಿಟಾರೂ ಇಲ್ಲದಂತೆಯೇ. ಅವನೊಬ್ಬನೇ. ಮೇಲೆ ಏರುತ್ತ ಏರುತ್ತ ಒಂದು ಕಡೆ ದನಿ ಒಡೆಯಿತು. ನಿಂತ. ಉಸಿರು ಎಳೆದುಕೊಂಡದ್ದು ಕೇಳಿಸಿತು. ಮತ್ತೆ ಹಿಡಿದು, ಆ ಒಡಕು ದನಿಯಲ್ಲೇ ಕೊನೆಯ ತನಕ ಹಾಡಿದ. ನನ್ನ ಕೈ ರೊಟ್ಟಿ ಬಡಿಯುವ ಕಲ್ಲಿನ ಮೇಲೆಯೇ ನಿಂತುಬಿಟ್ಟಿತ್ತು. ಮೂಗಿಗೆ ವಾಸನೆ ಬಡಿದಾಗ ನೋಡುತ್ತೇನೆ, ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರ್ರಗಾಗಿದೆ. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ, ನಾನು ರೊಟ್ಟಿ ಹೊತ್ತಿಸಿದವಳಲ್ಲ.

ಅತ್ತೆ ಆ ಕರಕು ರೊಟ್ಟಿಯನ್ನು ಚಿಮಟಿಗೆಯಿಂದ ಎತ್ತಿ ಹಿಂದೆ ಮುಂದೆ ನೋಡಿದರು. ತೀರ್ಪು ಒಂದೇ ಮಾತಿನದು. "ಗುಡ್ಡ ಹತ್ತು."

ಸೋಮವಾರ ಹತ್ತಿದೆ. ತಲೆಯ ಮೇಲೆ ರೊಟ್ಟಿ ಬುಟ್ಟಿ, ಪಕ್ಕದಲ್ಲಿ ಕೋಲೂರಿಕೊಂಡು ಅತ್ತೆ, ಹಿಂದೆ ಶೇಂಗಾ ಚಟ್ನಿಯ ಡಬ್ಬಿ ಹಿಡಿದ ಪಾರವ್ವ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತೆ. ನಿಂತಾಗಲೆಲ್ಲ ಪಾರವ್ವ, "ಏನ ಹರಕಿ ಅದು, ಹೇಳಬಾರದ?" ಎನ್ನುತ್ತಿದ್ದಳು. ಅತ್ತೆಯೇ ಅಂದರು. "ಆಕಿ ತವರಿನ ಕಡಿ ಒಬ್ಬಂಗ ಗಂಟಲ ಬ್ಯಾನಿ ಆಗಿತ್ತು. ಈಗ ಆರಾಮ ಆಗ್ಯಾನ. ಸುಮ್ಮನ ಹತ್ತು." ಆ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮೊಣಕಾಲು ನೋವಿಗೆ ಅಳುತ್ತಾಳೆಂದು ಪಾರವ್ವ ಬುಟ್ಟಿಗೆ ಕೈ ಹಚ್ಚಿದಳು. ಅದೂ ಒಂದು ಕೃಪೆಯೇ.

ಮೇಲೆ ದೇವರೆದುರು ಧನ್ಯವಾದ ಒಂದನ್ನೇ ಹೇಳಿ ಬರಬೇಕೆಂದಿದ್ದೆ. ಆದರೆ ಹಿಂದಿನ ದಿನವಷ್ಟೇ ಮಾಂತ ಹೇಳಿದ್ದ, ಹಲ್ಲಿಯ ಹುಡುಗಿಯರು ತಮ್ಮತಮ್ಮಲ್ಲೇ ಜಗಳವಾಡಿ, ಮುಂದಿನ ಆಲ್ಬಮ್ಮು ನಡುವೆಯೇ ನಿಂತಿದೆಯಂತೆ. ಕಣ್ಣು ಮುಚ್ಚಿದೆನೋ ಇಲ್ಲವೋ, ನಾಲಿಗೆ ಹೊರಟೇಬಿಟ್ಟಿತು: "ಅವರ ಜಗಳ ಬಿಡಿಸಪ್ಪಾ, ಆಲ್ಬಮ್ಮು ಚಲೋ ಬಂದ್ರ ಮತ್ತ ಇದ ಗುಡ್ಡ, ಇದ ನೂರಾ ಒಂದು ರೊಟ್ಟಿ." ಮೊಣಕಾಲು ನೆನಪಾಗುವಷ್ಟರಲ್ಲಿ ಪೂಜಾರಿ ಗಂಟೆ ಬಾರಿಸಿಯಾಗಿತ್ತು.

ಜಗಳ ಮುಗಿಯಿತಂತೆ. ಆಲ್ಬಮ್ಮು ಬರುವ ಶುಕ್ರವಾರ ಯಾವುದೆಂದು ಮಾಂತ ಹೇಳಿದ್ದಾನೆ. ಆ ದಿನ ನಮ್ಮ ಮನೆಯಲ್ಲಿ ರೊಟ್ಟಿ ಇಲ್ಲ, ತೀರ್ಪೂ ಇಲ್ಲ, ಬರೀ ಅನ್ನ ಸಾರು.